ಮೂಲೆಕೋಣೆಯ ಪಸೆ

ಬೀಗತಿ ಕುಶಲಾ ಆ ಗೋಡೆಯನ್ನು ಮುಟ್ಟಬಾರದಿತ್ತು. ಚಾವಡಿಯಲ್ಲಿ ಕೂತು, ಬೊಂಡದ ನೀರು ಕುಡಿದು, ಸೊಸೆ ಅನುಷ್ಕಾಳನ್ನು ಹೆರಿಗೆಗೆ ತವರಿಗೆ ಕಳಿಸುವ ದಿನ ಗೊತ್ತುಮಾಡಿ ಹೊರಟುಬಿಟ್ಟಿದ್ದರೆ ಗುರುವಪ್ಪನ ಮೇ ತಿಂಗಳು ಸುಖವಾಗಿ ಕಳೆಯುತ್ತಿತ್ತು. ಆದರೆ ತಪ್ಪು ಅವರದ್ದಲ್ಲ. "ಬನ್ನಿ ಬನ್ನಿ, ಅನು ಮಲಗುವ ಕೋಣೆ ನೋಡಿ" ಎಂದು ಒತ್ತಾಯ ಮಾಡಿ ಒಳಗೆ ಕರೆದೊಯ್ದವನು ಗುರುವಪ್ಪನೇ. ಕೋಡಿಕಲ್ಲಿನ ಆ ಮನೆಯ ಹಿಂಬದಿಯ ಮೂಲೆಕೋಣೆ ಅದು. ಬಚ್ಚಲಿಗೆ ತಾಗಿಕೊಂಡಿದೆ, ಬಾಣಂತಿಗೆ ಎರಡು ಹೊತ್ತು ಬಿಸಿನೀರು ಹೊಯ್ಯಲಿಕ್ಕೆ ಅನುಕೂಲ. ಕುಶಲಾ ತಲೆಯಾಡಿಸುತ್ತ ನೋಡಿದರು, ಮಂಚದ ಹಿಂದಿನ ಗೋಡೆಯ ಮೇಲೆ ಸುಮ್ಮನೆ ಕೈಯಿಟ್ಟರು, ತೆಗೆದರು. ಅಂಗೈಗೆ ಬಿಳಿಯ ಹುಡಿ ಅಂಟಿಕೊಂಡಿತ್ತು. ಹಪ್ಪಳದಷ್ಟಗಲದ ಬಣ್ಣದ ಸಿಪ್ಪೆಯೊಂದು ಕಳಚಿ ಹಾಸಿಗೆಯ ಮೇಲೆ ಬಿತ್ತು.

"ಪಸೆ ಉಂಟಲ್ಲ" ಎಂದರು ಕುಶಲಾ. ಒಳ್ಳೆಯ ಹೆಂಗಸು, ಚುಚ್ಚಿ ಮಾತಾಡುವ ಜಾತಿಯವರಲ್ಲ. ಅದೇ ದೊಡ್ಡ ಕಷ್ಟ, ಜಗಳ ಮಾಡಲಿಕ್ಕೂ ಆಗುವುದಿಲ್ಲ. "ಮೇ ತಿಂಗಳಲ್ಲೇ ಹೀಗಾದ್ರೆ ಆಟಿಯ ಜಡಿಮಳೆಯಲ್ಲಿ ಹೇಗೆ? ಹಸಿ ಬಾಣಂತಿ, ಪುಟ್ಟ ಮಗು. ನೀವು ಬೇಜಾರು ಮಾಡ್ಬಾರ್ದು, ಅನು ನಮ್ಮಲ್ಲೇ ಇರ್ಲಿ. ಕೊಡಿಯಾಲ್‌ಬೈಲಿನ ಫ್ಲಾಟು, ಆರನೇ ಮಾಳಿಗೆ, ಪಸೆ ಅಂತ ಇಲ್ವೇ ಇಲ್ಲ."

ಗುರುವಪ್ಪನ ಹೆಂಡತಿ ಹೇಮಾಕ್ಷಿ ಬಾಗಿಲ ಬಳಿ ನಿಂತಿದ್ದಳು. ಏನೋ ಹೇಳಲಿಕ್ಕೆ ಬಾಯಿ ತೆರೆದಳು. ಗುರುವಪ್ಪ ಅದಕ್ಕೆ ಮೊದಲೇ ಎದೆಯುಬ್ಬಿಸಿ ನಿಂತಾಗಿತ್ತು.

"ಪತ್ತನಾಜೆಯ ಒಳಗೆ ಗೋಡೆ ಒಣಗಿಸಿ ಕೊಡ್ತೇನೆ. ಆ ದಿವಸ ನೀವೇ ಬಂದು ಮುಟ್ಟಿ ನೋಡಿ. ನನಗೆ ಇದು ಹೊಸತಾ? ಇಪ್ಪತ್ತೇಳು ವರ್ಷ ಇದೇ ಕೆಲಸ."

ಇಲ್ಲೊಂದು ಮಾತು ಹೇಳಿಬಿಡಬೇಕು. ಗುರುವಪ್ಪ ಶಾರ್ಜಾದಲ್ಲಿ ಇಪ್ಪತ್ತೇಳು ವರ್ಷ ಇದ್ದದ್ದು ಕಟ್ಟಡಗಳಿಗೆ ನೀರು ಸೋರದಂತೆ ಮಾಡುವ ಕಂಪನಿಯಲ್ಲೇ, ಸುಳ್ಳಲ್ಲ. ಆದರೆ ಅವನು ಅಲ್ಲಿ ಸ್ಟೋರ್‌ಕೀಪರ್. ಯಾವ ಡ್ರಮ್ಮಿನಲ್ಲಿ ಏನುಂಟು, ಎಷ್ಟು ಲೀಟರು, ಯಾವಾಗ ಹಳತಾಗುತ್ತದೆ, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಆ ಡ್ರಮ್ಮು ಸ್ಟೋರಿನ ಗೇಟು ದಾಟಿದ ಮೇಲೆ ಯಾವ ಗೋಡೆಗೆ ಹೋಗುತ್ತದೆ, ಯಾರು ಬಳಿಯುತ್ತಾರೆ, ಬಳಿದ ಮೇಲೆ ನೀರು ನಿಂತಿತೋ ಇಲ್ಲವೋ, ಇದನ್ನು ಅವನು ಒಂದು ದಿನವೂ ಕಣ್ಣಾರೆ ಕಂಡದ್ದಿಲ್ಲ. ಊರಿನವರು ಅವನನ್ನು ಇಂಜಿನಿಯರ್ ಎಂದುಕೊಂಡರು. ಅವನು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಯಾರು ಏನು ಕೇಳಿದರೂ "ಗೊತ್ತುಂಟು, ಗೊತ್ತುಂಟು" ಎನ್ನುವ ಅಭ್ಯಾಸ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತು.

ಕಳೆದ ಡಿಸೆಂಬರಿನಲ್ಲಿ ಅಲ್ಲಿಯ ಲೆಕ್ಕ ಚುಕ್ತಾ ಮಾಡಿ ಊರಿಗೆ ಬಂದ. ಬಂದವನಿಗೆ ಒಂದೇ ಒಂದು ಆಸೆ, ಮಗಳ ಮಗುವನ್ನು ಹುಟ್ಟಿದ ದಿನದಿಂದ ನೋಡಬೇಕು. ಅನುಷ್ಕಾ ಹುಟ್ಟಿದಾಗ ಅವನು ಶಾರ್ಜಾದಲ್ಲಿದ್ದ. ಅವಳನ್ನು ಮೊದಲ ಸಲ ಎತ್ತಿಕೊಂಡಾಗ ಅವಳಿಗೆ ಹನ್ನೊಂದು ತಿಂಗಳು, ಗಡ್ಡ ಕಂಡು ಕಿರುಚಿ ತಾಯಿಯ ಕುತ್ತಿಗೆಗೆ ಜೋತುಬಿದ್ದಿದ್ದಳು. ಮಗ ಮೋಕ್ಷಿತ್ ಹುಟ್ಟಿದಾಗಲೂ ಅದೇ ಕಥೆ. ಈಗ ಆ ಮೊದಲ ಕೆಲವು ತಿಂಗಳು ಏನಾಗುತ್ತದೆ, ಮಗು ಹೇಗೆ ಮಲಗುತ್ತದೆ, ಹೇಗೆ ಅಳುತ್ತದೆ ಎಂದು ಇದೇ ಮನೆಯಲ್ಲಿ ಕೂತು ನೋಡಬೇಕು ಎಂದು ಅವನು ಕಾದಿದ್ದ. ಬೀಗರ ಫ್ಲಾಟಿಗೆ ವಾರಕ್ಕೊಮ್ಮೆ ಬಿಸ್ಕಿಟು ಹಿಡಿದುಕೊಂಡು ಹೋಗುವ ಅಜ್ಜನಾಗುವುದು ಅವನಿಗೆ ಬೇಡವಾಗಿತ್ತು.

ಜಾತ್ರೆ, ನೇಮಗಳೆಲ್ಲ ಮುಗಿಯುವ ಪತ್ತನಾಜೆಗೆ ಹದಿನೇಳು ದಿನ ಇತ್ತು. ಅದು ದಾಟಿದರೆ ಮಳೆ ಯಾವ ಗಳಿಗೆಯಲ್ಲೂ ಬಂದೀತು.

ಮೊದಲು ಬಂದವನು ಪಸೆ ತಡೆಯುವ ಕೆಲಸದ ಕಂಪನಿಯ ರೂಬನ್. ಇಸ್ತ್ರಿ ಹಾಕಿದ ಅಂಗಿ, ಬೆನ್ನಿಗೆ ಚೀಲ. ಚೀಲದಿಂದ ಎರಡು ಸೂಜಿಯ ಒಂದು ಮೀಟರು ತೆಗೆದು ಗೋಡೆಗೆ ಚುಚ್ಚಿದ. ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಇಪ್ಪತ್ತೆಂಟು, ಮೂರಡಿಯಲ್ಲಿ ಹದಿನಾಲ್ಕು.

"ಸರ್, ಇದು ಕೆಳಗಿನಿಂದ ಏರುವ ಪಸೆ" ಎಂದ. "ನಿಮ್ಮ ಮನೆಯ ಅಡಿಪಾಯ, ಈ ಪಂಚಾಂಗ, ಕೆಂಪು ಮುರಕಲ್ಲಿನದ್ದು. ಕಲ್ಲು ನೆಲದ ನೀರನ್ನು ಎಳೀತದೆ. ಪಂಚಾಂಗಕ್ಕೂ ಗೋಡೆಗೂ ನಡುವೆ ನೀರು ತಡೆಯುವ ಒಂದು ಪಟ್ಟಿ ಹಾಕ್ಬೇಕಿತ್ತು. ಹಾಕ್ಲಿಲ್ಲ. ಈಗ ನಾವು ಗೋಡೆಯ ಬುಡದಲ್ಲಿ ನಾಲ್ಕು ನಾಲ್ಕು ಇಂಚಿಗೆ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಕೊಡ್ತೇವೆ. ಅದೇ ಒಳಗೆ ಪಟ್ಟಿ ಆಗ್ತದೆ. ನಿಮಗೆ ಗೊತ್ತುಂಟಲ್ಲ ಸರ್, ಗಲ್ಫಿನವರು."

"ಗೊತ್ತುಂಟು, ಗೊತ್ತುಂಟು."

"ಅಡಿಗೆ ನಾನೂರ ಐವತ್ತು. ಈ ಕೋಣೆಗೆ ನಲ್ವತ್ತಾರು ಅಡಿ, ಇಪ್ಪತ್ತು ಸಾವಿರದ ಚಿಲ್ಲರೆ. ಕೆಲವರು ಹೊರಗಿನಿಂದ ಅಗೀಬೇಕು ಅಂತಾರೆ. ಅದು ಲೂಟಿ ಸರ್."

ಗುರುವಪ್ಪನಿಗೆ ಸಮಾಧಾನವಾಯಿತು. ಅದು ಒಂದು ದಿನ ಬಾಳಿತು. ಮಾರನೇ ದಿನ ಕಂಟ್ರಾಕ್ಟರ್ ಅಫ್ರೋಝ್ ಬಂದ. ಮೀಟರು ಗೀಟರು ಏನೂ ಇಲ್ಲ, ಮುಂಡು ಎತ್ತಿಕಟ್ಟಿ ಮನೆಗೆ ಒಂದು ಸುತ್ತು ಹಾಕಿ ಬಂದು, ಬೆರಳ ಗೆಣ್ಣಿನಿಂದ ಗೋಡೆ ಬಡಿದು ಕೇಳಿದ. ಇಂಜೆಕ್ಷನ್ ವಿಷಯ ಕೇಳಿದ್ದೇ ನಕ್ಕುಬಿಟ್ಟ.

"ಮುರಕಲ್ಲಿಗೆ ಇಂಜೆಕ್ಷನ್ನಾ ಮಾರಾಯ್ರೆ? ಮುರಕಲ್ಲು ಅಂದ್ರೆ ಇಡ್ಲಿ ಇದ್ದ ಹಾಗೆ. ಎಷ್ಟು ಹೊಯ್ದ್ರೂ ಕುಡೀತದೆ, ಎಲ್ಲಿ ಹೋಯ್ತು ಅಂತ ದೇವರಿಗೇ ಗೊತ್ತು. ಪಸೆ ಕೆಳಗಿನಿಂದ ಅಲ್ಲ, ಪಕ್ಕದಿಂದ ಬರುವುದು. ಮನೆಯ ಸುತ್ತ ನಾಲ್ಕಡಿ ಅಗೀಬೇಕು, ಪಂಚಾಂಗದ ಕಲ್ಲು ತೊಳೀಬೇಕು, ಸಾರಣೆ ಮಾಡಿ ಎರಡು ಕೋಟು ಡಾಂಬರಿನ ಹಾಗಿರುವ ಲೇಪ, ಮೇಲೆ ಹಾಳೆ ಅಂಟಿಸಿ, ಬುಡಕ್ಕೆ ತೂತಿನ ಪೈಪು, ಜಲ್ಲಿ. ಮತ್ತೆ ನಿಮ್ಮ ಮೊಮ್ಮಗನ ಕಾಲದವರೆಗೆ ನೋಡುವುದೇ ಬೇಡ."

"ಎಷ್ಟಾದೀತು?"

"ನೂರ ಮೂವತ್ತು ಅಡಿ ಸುತ್ತಳತೆ. ಮೂರು ಲಕ್ಷ ನಲ್ವತ್ತು ಸಾವಿರ. ಹಿಂಬದಿಯ ಇಂಟರ್‌ಲಾಕ್ ಎಲ್ಲ ತೆಗೀಬೇಕು, ಅದು ಬೇರೆ."

ಮೂರು ಲಕ್ಷಕ್ಕಿಂತ ಗುರುವಪ್ಪನ ಎದೆಗೆ ಹೊಡೆದದ್ದು ಆ ಕೊನೆಯ ಮಾತು. ಹಿತ್ತಿಲಿಡೀ ಕೆಂಪು, ಬೂದು ಇಂಟರ್‌ಲಾಕ್ ಕಲ್ಲು ಹಾಸಿಸಿದ್ದು ಅವನೇ, ಜನವರಿಯಲ್ಲಿ, ತೊಂಬತ್ತು ಸಾವಿರ ಕೊಟ್ಟು. ಊರಿಗೆ ಬಂದ ಮೇಲೆ ಮನೆಗೆಂದು ಅವನು ಮಾಡಿದ ಮೊದಲ ಕೆಲಸ. ಹೇಮಾಕ್ಷಿಯ ಕಾಲಿಗೆ ಇನ್ನು ಕೆಸರು ಆಗಬಾರದು ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತು, ಕಂಪೌಂಡಿನ ಬುಡದಲ್ಲಿದ್ದ ತಗ್ಗಿಗೆ ಎರಡು ಲೋಡು ಮಣ್ಣು ತುಂಬಿಸಿ, ಅಂದವಾಗಿ ಕೂರಿಸಿದ್ದ. ನೋಡಿದವರೆಲ್ಲ ಹೊಗಳಿದ್ದರು. ಅದನ್ನು ಕೀಳುವುದೆಂದರೆ!

"ಇಂಟರ್‌ಲಾಕಿನ ಸುದ್ದಿಗೆ ಬರ್ಬೇಡಿ" ಎಂದ ಗುರುವಪ್ಪ. ಅಫ್ರೋಝ್ ಹೆಗಲು ಕುಣಿಸಿ ಬೈಕು ಹತ್ತಿದ.

ಮೂರನೆಯದ್ದು ಬಂದರಿನ ಸಗಟು ಅಂಗಡಿ. ಅಲ್ಲಿಗೆ ಗುರುವಪ್ಪ ತಾನಾಗಿ ಹೋದ. ಮೀನಿನ ವಾಸನೆ ದಾಟಿ, ಗೋದಾಮುಗಳ ನಡುವಿನ ಆ ಅಂಗಡಿ ಹೊಕ್ಕಾಗ ಸಾಲಾಗಿ ಜೋಡಿಸಿದ ಡ್ರಮ್ಮುಗಳನ್ನು ಕಂಡು ಅವನ ಜೀವ ತಂಪಾಯಿತು. ಲೇಬಲ್ ಓದಿದ, ಒಂದರ ತಾರೀಖು ಮುಗಿದಿದೆ ಎಂದು ತೋರಿಸಿದ. ಅಂಗಡಿಯವರು ಬೆರಗಾಗಿ ಚಹಾ ತರಿಸಿದರು.

"ನಿಮಗೆ ನಾನು ಹೇಳುವುದು ಎಂತ, ನೀವೇ ಗುರುಗಳು" ಎಂದರು ಅವರು. "ಅಗೆಯುವುದೂ ಬೇಡ, ಚುಚ್ಚುವುದೂ ಬೇಡ. ಒಳಗಿನ ಸಾರಣೆಯನ್ನು ನಾಲ್ಕಡಿ ಎತ್ತರಕ್ಕೆ ಕೆತ್ತಿ ತೆಗೀರಿ. ಸಿಮೆಂಟಿನ ಹುಡಿ, ಈ ಹಾಲಿನಂಥ ದ್ರಾವಣ, ಕಲಸಿ ಎರಡು ಕೋಟು. ಮೇಲೆ ಹೊಸ ಸಾರಣೆ. ನಮ್ಮ ಜನ ಕಳಿಸ್ತೇನೆ, ಚದರಡಿಗೆ ನೂರ ಅರುವತ್ತು, ಮೂವತ್ತು ಸಾವಿರದ ಒಳಗೆ ಮುಗೀತದೆ. ಪಸೆ ಎಲ್ಲಿಂದ ಬಂದ್ರೂ ಬರ್ಲಿ, ಒಳಗೆ ಬರ್ಬಾರ್ದು, ಅಷ್ಟೇ ಅಲ್ವಾ?"

ಅದೂ ಸರಿ ಅನ್ನಿಸಿತು. ಅದೇ ಗುರುವಪ್ಪನ ಫಜೀತಿ, ಯಾರ ಮಾತು ಕೇಳಿದರೂ ಅದೇ ಸರಿ ಅನ್ನಿಸುತ್ತಿತ್ತು. ಮನೆಗೆ ಬಂದು ಗೆರೆ ಹಾಳೆಯಲ್ಲಿ ಕಲಂ ಎಳೆದು ಬರೆದ. ಕೆಳಗಿನಿಂದ, ಪಕ್ಕದಿಂದ, ಎಲ್ಲಿಂದ ಬಂದರೂ ಬರಲಿ. ಇಪ್ಪತ್ತು, ಮೂರು ನಲವತ್ತು, ಮೂವತ್ತು. ರೂಬನ್‌ಗೆ ಫೋನು ಮಾಡಿ ಕೇಳಿದರೆ ಒಳಗಿನಿಂದ ಬಳಿದರೆ ನೀರು ಗೋಡೆಯ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ ಎಂದ. ಅಂಗಡಿಯವರನ್ನು ಕೇಳಿದರೆ ತೂತು ಕೊರೆದ ಗೋಡೆ ಗೋಡೆಯೇ ಅಲ್ಲ ಎಂದರು. ಬೈಕಂಪಾಡಿಯ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದ ಮೋಕ್ಷಿತ್ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದ. ಅದರಲ್ಲಿ ಯಾವುದೋ ಹಿಮದ ದೇಶದವನು ನೆಲಮಾಳಿಗೆಯಲ್ಲಿ ಬಾವಿ ತೋಡಿ ಪಂಪು ಇಡುತ್ತಿದ್ದ. ಗುರುವಪ್ಪ ಹಾಳೆಯಲ್ಲಿ ನಾಲ್ಕನೇ ಕಲಂ ಎಳೆದು, ಸ್ವಲ್ಪ ಹೊತ್ತು ನೋಡಿ, ಅಳಿಸಿದ.

ಎಲ್ಲಕ್ಕಿಂತ ಅವನ ತಲೆ ತಿಂದದ್ದು ಬೇರೆಯೇ ಒಂದು ಪ್ರಶ್ನೆ. ಊರೆಲ್ಲ ಒಣಗಿ ಬಿರುಕು ಬಿಟ್ಟಿದೆ, ಬಾವಿಯ ನೀರು ತಳ ಕಂಡಿದೆ. ಈ ಕಡುಬೇಸಿಗೆಯಲ್ಲಿ ಗೋಡೆಗೆ ಇಷ್ಟು ನೀರು ಎಲ್ಲಿಂದ? ಮೂವರನ್ನೂ ಕೇಳಬಹುದಿತ್ತು. ಕೇಳಿದರೆ ಇಂಜಿನಿಯರಿಗೆ ಇಷ್ಟೂ ಗೊತ್ತಿಲ್ಲವೇ ಎಂದಾರು. ಕೇಳಲಿಲ್ಲ.

ಹೇಮಾಕ್ಷಿ ಅವನ ಹಾಳೆಯ ಪಕ್ಕದಲ್ಲಿ ಚಹಾ ಇಟ್ಟು, ಸೆರಗಿಗೆ ಕೈಯೊರಸುತ್ತ ನಿಂತಳು. "ಇಗೊಳ್ಳಿ, ನಾನೊಂದು ಹೇಳ್ಲಾ? ಆ ಹಿಂದಿನ..."

"ನಿನಗೆ ಇದು ಅರ್ಥ ಆಗ್ಲಿಕ್ಕಿಲ್ಲ ಹೇಮಾ. ಟೆಕ್ನಿಕಲ್ ಇದು."

ಅವಳು ಅವನ ಮುಖ ನೋಡಿದಳು, ಹಾಳೆ ನೋಡಿದಳು, ಬಟ್ಟೆ ಒಗೆಯಲಿಕ್ಕೆ ಹಿತ್ತಿಲಿಗೆ ಹೋದಳು. ಇದು ಎರಡನೇ ಸಲ. ಮೂರನೇ ಸಲ ಅವಳು ಬಾಯಿ ತೆರೆದಾಗ ಅವನು ಫೋನಿನಲ್ಲಿದ್ದ, ಕೈ ಎತ್ತಿ ತಡೆದ. ನಾಲ್ಕನೇ ಸಲ ಅವಳು ಬರಲಿಲ್ಲ.

ಕೊನೆಗೆ ಗೊಂದಲದಲ್ಲಿ ಬಿದ್ದ ಮನುಷ್ಯರು ಮಾಡುವುದನ್ನೇ ಗುರುವಪ್ಪನೂ ಮಾಡಿದ. ಎರಡನ್ನೂ ಮಾಡಿಸಿದ. ರೂಬನ್ ಬಂದು ಗೋಡೆಯ ಬುಡಕ್ಕೆ ತೂತು ಕೊರೆದು ಚುಚ್ಚಿ ಹೋದ. ಅವನ ಬೆನ್ನಿಗೇ ಬಂದರಿನ ಜನ ಬಂದು ಕೆತ್ತಿ, ಬಳಿದು, ಸಾರಣೆ ಮಾಡಿದರು. ಇಂಟರ್‌ಲಾಕ್ ಒಂದು ಕಲ್ಲೂ ಅಲುಗಲಿಲ್ಲ. ಹತ್ತು ದಿನ ಮನೆಯೆಲ್ಲ ಧೂಳು. ಹೇಮಾಕ್ಷಿ ಅನ್ನದ ಪಾತ್ರೆಗೆ ಎರಡೆರಡು ಮುಚ್ಚಳ ಹಾಕಿದಳು. ಗುರುವಪ್ಪ ಫ್ಯಾನು ಇಟ್ಟು, ಹಗಲಿಡೀ ಕಿಟಕಿ ತೆರೆದು, ಗಂಟೆಗೊಮ್ಮೆ ಗೋಡೆಗೆ ಕೆನ್ನೆಯಿಟ್ಟು ನೋಡುತ್ತಿದ್ದ. ತಿಳಿ ಹಳದಿ ಬಣ್ಣ ಬಳಿಸಿದ. ಮಗುವಿನ ಕೋಣೆಗೆ ಹಳದಿ ಚಂದ ಎಂದು ಅಂಗಡಿಯವರು ಹೇಳಿದ್ದರು.

ಪತ್ತನಾಜೆಯ ದಿವಸ ಕುಶಲಾ ಬಂದರು. ಗೋಡೆಗೆ ಕೈಯಿಟ್ಟರು, ತೆಗೆದರು. ಕೈ ಶುದ್ಧ.

"ಅಬ್ಬ! ನೀವು ಇಂಜಿನಿಯರ್ ಅಂತ ಸುಮ್ಮನೆ ಹೇಳುವುದಲ್ಲ" ಎಂದರು. ಭಾನುವಾರ ಅನುಷ್ಕಾಳನ್ನು ಕರೆತರುವುದೆಂದು ನಿಶ್ಚಯವಾಯಿತು. ಅವತ್ತು ಗುರುವಪ್ಪ ಯಾರೂ ಇಲ್ಲದಾಗ ಮೂಲೆಕೋಣೆಯಲ್ಲಿ ನಿಂತು, ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ಹೆಜ್ಜೆಯಲ್ಲಿ ಅಳೆದ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಆಕಾಶ ಕಪ್ಪಾಯಿತು.

ಗಾಳಿ ಒಂದು ಸಲ ಎದ್ದಿತು, ನಿಂತಿತು. ಆಮೇಲೆ ಮಳೆ. ಗುರುವಪ್ಪ ಖುಷಿಯಿಂದ ಹಿಂಬಾಗಿಲಿಗೆ ಓಡಿದ, ಮಳೆಗೆ ಜಗ್ಗದ ತನ್ನ ಮನೆ ನೋಡಬೇಕೆಂದು. ನೋಡಿದ. ಮೊದಲಿಗೆ ಅವನಿಗೆ ಏನೂ ತಿಳಿಯಲಿಲ್ಲ. ಹಿತ್ತಿಲಿನ ನೀರು ಕಂಪೌಂಡಿನ ಕಡೆಗೆ ಹೋಗಬೇಕಲ್ಲ? ಹೋಗುತ್ತಿರಲಿಲ್ಲ. ಅವನ ಇಂಟರ್‌ಲಾಕಿನ ಮೇಲೆ ತಡೆಯಿಲ್ಲದೆ ಜಾರಿ, ಬಳಗ ಕಟ್ಟಿಕೊಂಡು ಮನೆಯ ಕಡೆಗೇ ಬರುತ್ತಿತ್ತು. ಬಂದು ಮೂಲೆಕೋಣೆಯ ಗೋಡೆಗೆ ಒರಗಿ ನಿಂತಿತು. ಗೇಣೆತ್ತರ ಆಯಿತು. ಹೆಚ್ಚುತ್ತಲೇ ಇತ್ತು.

ಅವನು ಒಳಗೆ ಓಡಿದ. ಹಳದಿ ಗೋಡೆ ಚಂದವಾಗಿಯೇ ಇತ್ತು, ನಾಲ್ಕಡಿಯವರೆಗೆ. ಅದರ ಮೇಲೆ, ಲೇಪ ಮುಗಿದ ಕಡೆಯಲ್ಲಿ, ಹಿಂದೆ ಸಿಕ್ಕಿಕೊಂಡಿದ್ದ ಪಸೆಯೆಲ್ಲ ಏರಿ ಬಂದು ಗೋಡೆಯುದ್ದಕ್ಕೂ ಒಂದು ಕಪ್ಪು ಗೆರೆ ಮೂಡಿತ್ತು. ನೋಡುತ್ತಿದ್ದಂತೆ ಗೆರೆ ಅಗಲವಾಯಿತು, ಬಣ್ಣ ಗುಳ್ಳೆ ಎದ್ದಿತು. ಅವನು ಅಂಗೈಯಿಂದ ಗುಳ್ಳೆ ಒತ್ತಿದ, ನೀರು ಮೊಣಕೈಗೆ ಇಳಿಯಿತು. ರೂಬನ್‌ಗೆ ಫೋನು ಮಾಡಿದ. "ನಾನು ಹೇಳ್ಲಿಲ್ವಾ ಸರ್, ಒಳಗಿನಿಂದ ಬಳಿಸ್ಬೇಡಿ ಅಂತ" ಎಂದ. ಅಂಗಡಿಯವರಿಗೆ ಮಾಡಿದ. "ತೂತು ಕೊರೆದ್ರೆ ಹಾಗೆಯೇ" ಎಂದರು. ಅಫ್ರೋಝ್‌ಗೆ ಮಾಡಿದ. "ಅಗೀಬೇಕಿತ್ತು ಮಾರಾಯ್ರೆ" ಎಂದ. ಯಾರು ಸರಿ? ಮೂವರೂ ಸರಿಯೇ? ಮೂವರೂ ಕಳ್ಳರೇ? ಗುರುವಪ್ಪ ಫೋನು ಹಿಡಿದುಕೊಂಡು ಕೋಣೆಯ ನಡುವೆ ನಿಂತ. ಭಾನುವಾರಕ್ಕೆ ಐದು ದಿನ. ಅವನಿಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಹೊರಗೆ ಹಾರೆಯ ಸದ್ದು. ಹೋಗಿ ನೋಡಿದರೆ ಹೇಮಾಕ್ಷಿ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಸೀರೆ ಎತ್ತಿಕಟ್ಟಿ, ಅವನ ಇಂಟರ್‌ಲಾಕ್ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ ಬದಿಗೆ ಎಸೆಯುತ್ತಿದ್ದಳು.

"ಏ! ಎಂತ ಮಾಡುವುದು ನೀನು?"

"ತೋಡು ಕಡಿಯುವುದು" ಎಂದಳು ಅವಳು, ತಲೆಯೆತ್ತದೆ. "ಪ್ರತಿ ವರ್ಷ ಪತ್ತನಾಜೆಯ ಮರುದಿವಸ ಕಡಿಯುವುದು. ಇಲ್ಲಿಂದ ಹಿಡಿದು ಕಂಪೌಂಡಿನ ಬುಡದವರೆಗೆ, ಅಲ್ಲಿಂದ ಆಚೆ ಚರಂಡಿಗೆ. ಈ ವರ್ಷ ಕಡಿಲಿಕ್ಕೆ ಜಾಗ ಎಲ್ಲಿತ್ತು? ಎಲ್ಲ ಮುಚ್ಚಿ ಚಂದ ಮಾಡಿದ್ದೀರಲ್ಲ. ಕಂಪೌಂಡಿನ ಬುಡದ ತಗ್ಗಿಗೆ ಮಣ್ಣು ತುಂಬಿಸಿದ್ದೀರಿ. ಈಗ ಅದೇ ಎತ್ತರ, ಮನೆಯೇ ತಗ್ಗು."

"ಆದ್ರೆ ಬೇಸಿಗೆಯಲ್ಲಿ? ಬೇಸಿಗೆಯಲ್ಲಿ ಪಸೆ ಹೇಗೆ ಬಂತು?"

ಅವಳು ಒಗೆಯುವ ಕಲ್ಲಿನ ಕಡೆ ಗಲ್ಲದಲ್ಲೇ ಸನ್ನೆ ಮಾಡಿದಳು. "ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಮೊದಲು ಬಾಳೆಯ ಬುಡಕ್ಕೆ ಹೋಗ್ತಿತ್ತು. ಜನವರಿಯಿಂದ ಗೋಡೆಯ ಬುಡಕ್ಕೆ ಹೋಗ್ತದೆ. ದಿವಸಕ್ಕೆ ಹತ್ತು ಬಾಲ್ದಿ."

ಗುರುವಪ್ಪ ಮಳೆಯಲ್ಲೇ ನಿಂತ. ನಾಲ್ಕು ತಿಂಗಳು ಅವನ ಕಣ್ಣೆದುರೇ ಹರಿದ ನೀರು! ಅದನ್ನು ನೋಡದೆ ಅವನು ಭೂಮಿಯ ಹೊಟ್ಟೆಯ ನೀರು ಹುಡುಕಿದ್ದ. ಅವನಿಗೆ ನಾಚಿಕೆಯಾಯಿತು.

"ನೀನು ಹೇಳ್ಬೇಕಲ್ಲ ಹೇಮಾ!"

"ಮೂರು ಸಲ ಹೇಳಲಿಕ್ಕೆ ಬಂದೆ. ಟೆಕ್ನಿಕಲ್ ಅಂದ್ರಿ." ಅವಳು ಇನ್ನೊಂದು ಕಲ್ಲು ಎಬ್ಬಿಸಿದಳು. "ನಾಲ್ಕನೇ ಸಲ ಬೇಕಂತಲೇ ಬರ್ಲಿಲ್ಲ. ಸುಳ್ಳು ಯಾಕೆ ಹೇಳ್ಬೇಕು? ನನಗೂ ಸ್ವಲ್ಪ ಸಿಟ್ಟು ಇತ್ತು. ಮತ್ತೆ, ಹದಿನೈದು ದಿವಸ ನೀವು ಈ ಮನೆಯ ಸುತ್ತ ತಿರುಗಿದ್ದು, ಗೋಡೆಗೆ ಕೆನ್ನೆ ಇಟ್ಟದ್ದು, ಅದು ನೋಡಿ ಒಂಥರಾ ಸಮಾಧಾನವೂ ಆಯ್ತು. ಮನೆ ಕಟ್ಟಿಸಿದ ಮೇಲೆ ಇಪ್ಪತ್ತನಾಲ್ಕು ವರ್ಷ ನಾನೊಬ್ಬಳೇ ತಿರುಗಿದ್ದಲ್ವಾ."

"ಇಪ್ಪತ್ತನಾಲ್ಕು ವರ್ಷ ಹೀಗೆಯಾ? ನನಗೆ ಫೋನಿನಲ್ಲಿ ಒಮ್ಮೆಯೂ ಹೇಳ್ಲಿಲ್ಲ ನೀನು. ನಾನು ಪ್ರತಿ ಶುಕ್ರವಾರ ಕೇಳ್ತಿದ್ದೆ, ಮಳೆ ಉಂಟಾ ಅಂತ."

"ಉಂಟು, ಒಳ್ಳೆ ಮಳೆ ಅಂತ ಹೇಳ್ತಿದ್ದೆನಲ್ಲ. ಮತ್ತೆಂತ ಹೇಳುವುದು? ನೀವು ಅಲ್ಲಿಂದ ಬಂದು ತೋಡು ಕಡೀತಿದ್ರಾ?"

ಗುರುವಪ್ಪ ಮನಸ್ಸಿನಲ್ಲೇ ವರ್ಷಗಳನ್ನು ಹಿಂದೆ ಹಿಂದೆ ತಿರುವಿದ. ರಜೆ ಬಂದದ್ದು ಡಿಸೆಂಬರಿನಲ್ಲಿ, ಇಲ್ಲದಿದ್ದರೆ ಏಪ್ರಿಲಿನಲ್ಲಿ. ಮದುವೆ, ನೇಮ, ಗೃಹಪ್ರವೇಶ ಎಲ್ಲ ಇರುವುದು ಆಗಲೇ, ಮಳೆಗಾಲದಲ್ಲಿ ಬಂದು ಮಾಡುವುದಾದರೂ ಏನು ಎಂದು ಗಲ್ಫಿನವರೆಲ್ಲ ಹಾಗೆಯೇ ಬರುತ್ತಿದ್ದರು. ಜೂನ್? ಒಂದೂ ಇಲ್ಲ. ಜುಲೈ? ಇಲ್ಲ. ತಾನು ಕಟ್ಟಿಸಿದ ಮನೆಯ ಮೇಲೆ ಮಳೆ ಬೀಳುವುದನ್ನು ಅವನು ಇವತ್ತೇ ಮೊದಲು ನೋಡುತ್ತಿದ್ದ. ಐವತ್ತೆಂಟು ವರ್ಷದ ಮನುಷ್ಯ, ಮನೆಯ ಯಜಮಾನ.

ಅವನು ಅವಳ ಕೈಯಿಂದ ಹಾರೆ ತೆಗೆದುಕೊಂಡ. ಮೊದಲ ಏಟು ಕಲ್ಲಿಗೆ ಬಿದ್ದು ಕೈ ಜುಮ್ಮೆಂದಿತು. "ಆ ಕಡೆಯಿಂದ ಮೀಂಟಿ" ಎಂದಳು ಹೇಮಾಕ್ಷಿ, "ಸಂದಿಗೆ ಹಾಕಿ ಒತ್ತಿ." ಅವಳು ಹೇಳಿದ ಹಾಗೆ ಮಾಡಿದ. ಕಲ್ಲು ಎದ್ದಿತು. ಅರ್ಧ ಗಂಟೆಯಲ್ಲಿ ಹಿತ್ತಿಲಿನ ನಡುವೆ ಅಂಕುಡೊಂಕಾದ ಒಂದು ತೋಡು ಆಯಿತು. ಗೋಡೆಗೆ ಒರಗಿದ್ದ ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮೆಲ್ಲಗೆ ಆ ಕಡೆ ಹೊರಳಿತು. ತೊಂಬತ್ತು ಸಾವಿರದ ಅಂದ ಹಾಳಾಗಿ ಬಿದ್ದಿತ್ತು. ಅವನಿಗೆ ಅದನ್ನು ನೋಡಿ ಬೇಸರ ಆಗಲಿಲ್ಲ, ಆಗಬೇಕಿತ್ತಲ್ಲ ಎಂದು ಆಶ್ಚರ್ಯವಾಯಿತು.

ಆದರೆ ಕೋಣೆಯ ಗೋಡೆ ನೆನೆದಾಗಿತ್ತು. ಲೇಪದ ಹಿಂದೆ ಸಿಕ್ಕಿಕೊಂಡ ನೀರು ಐದು ದಿನದಲ್ಲಿ ಒಣಗುವುದಿಲ್ಲ, ಇದು ಮಾತ್ರ ಅವನಿಗೆ ನಿಜವಾಗಿಯೂ ಗೊತ್ತಿತ್ತು. ಮೈ ಒರಸಿಕೊಂಡು ಚಾವಡಿಯಲ್ಲಿ ಕೂತ. ಕುಶಲಾ ಅವರಿಗೆ ಮಾಡಲಿಕ್ಕೆ ಧೈರ್ಯ ಸಾಲದೆ ಮಗಳಿಗೆ ಫೋನು ಮಾಡಿದ.

"ಅನು, ಭಾನುವಾರ ನಾವು ಕರೀಲಿಕ್ಕೆ ಬರುವುದಿಲ್ಲ ಮಗಾ" ಎಂದ. "ಮೂಲೆಕೋಣೆ ಪುನಃ ಒದ್ದೆ ಆಯ್ತು. ಅತ್ತೆ ಹೇಳಿದ್ದು ಸರಿ, ನೀನು ಅಲ್ಲೇ ಇರು. ಮಗುವಿಗೆ ತೊಂದ್ರೆ ಆಗ್ಬಾರ್ದು. ನಾನು ನೋಡಲಿಕ್ಕೆ ಬರ್ತಾ ಇರ್ತೇನೆ."

ಅತ್ತ ಕಡೆ ಅನುಷ್ಕಾ ನಕ್ಕಳು. "ಮೂಲೆಕೋಣೆಯಾ? ಅಪ್ಪಾ, ಮಳೆಗಾಲದಲ್ಲಿ ಅಲ್ಲಿ ಯಾರು ಮಲಗ್ತಾರೆ? ನಾನು ಬಂದು ಚಾವಡಿಯಲ್ಲೇ ಮಲಗುವುದು ಅಂತ ಇದ್ದದ್ದು. ಅಮ್ಮನೂ ಹಾಗೇ ಹೇಳಿದ್ರು."

"ಚಾವಡಿಯಲ್ಲಿ?"

"ಹೌದು. ಚಾವಡಿ ಎತ್ತರ ಉಂಟಲ್ಲ, ಒಂದು ತೊಟ್ಟು ಪಸೆ ಬರುವುದಿಲ್ಲ. ನಾವು ಚಿಕ್ಕದಿರುವಾಗ ಜೂನ್ ಬಂದ ಕೂಡಲೇ ಅಮ್ಮ ಹಾಸಿಗೆ ಎಲ್ಲ ಅಲ್ಲಿಗೆ ತರ್ತಿದ್ರು. ಬಾಗಿಲಿನ ಕಡೆ ಅಮ್ಮ, ಮಧ್ಯ ಮೋಕ್ಷಿ, ಕಿಟಕಿಯ ಹತ್ತಿರ ನಾನು. ನವರಾತ್ರಿ ಕಳೆದ ಮೇಲೆ ವಾಪಸು ಒಳಗೆ. ನೀವು ಬರುವ ಮೊದಲು ಅಮ್ಮ ಮೂಲೆಕೋಣೆಗೆ ಬಣ್ಣ ಬಳಿದು ಇಡ್ತಿದ್ರು. ನಮಗೆ ಮಳೆಗಾಲ ಅಂದ್ರೆ ಅದೇ ಅಪ್ಪಾ, ಚಾವಡಿಯಲ್ಲಿ ಮೂವರೂ ಸಾಲಾಗಿ ಮಲಗುವುದು. ನಿಮಗೆ ಗೊತ್ತಿಲ್ವಾ?"

ನಾಲಗೆ ಅಭ್ಯಾಸಬಲದಿಂದ ಗೊತ್ತುಂಟು ಎನ್ನಲಿಕ್ಕೆ ಹೊರಟಿತು. ಗುರುವಪ್ಪ ಅದನ್ನು ಹಿಡಿದ.

"ಗೊತ್ತಿಲ್ಲ ಮಗಾ" ಎಂದ.

ಅವಳು ಅದನ್ನು ಗಮನಿಸಲಿಲ್ಲ. ಅತ್ತೆಗೆ ತಾನೇ ಹೇಳುವುದಾಗಿಯೂ, ಚಾವಡಿ ಒಣಗಿದ್ದೇ ಇದ್ದರೆ ಅವರಿಗೇನೂ ಅಡ್ಡಿಯಿಲ್ಲವೆಂದೂ, ಭಾನುವಾರ ಬೆಳಿಗ್ಗೆ ಬೇಗ ಬರಬೇಕೆಂದೂ ಹೇಳಿ ಫೋನಿಟ್ಟಳು. ಮಗಳು ಬರುತ್ತಾಳೆ. ಮಗು ಇಲ್ಲಿಗೇ ಬರುತ್ತದೆ. ಅವನು ಬೇಡಿಕೊಂಡದ್ದು ಅದೇ. ಸಂತೋಷವಾಯಿತು, ತುಂಬಾ ಸಂತೋಷವಾಯಿತು. ಆದರೂ ಅವನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಚಾವಡಿಯ ಉದ್ದಗಲ ನೋಡುತ್ತ ಕೂತ. ಬಾಗಿಲಿನ ಕಡೆ, ಮಧ್ಯ, ಕಿಟಕಿಯ ಹತ್ತಿರ. ಅವನು ಕಟ್ಟಿಸಿದ ಚಾವಡಿ. ಅಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಒಂದು ಸಂಸಾರ ಸಾಲಾಗಿ ಮಲಗುತ್ತಿತ್ತು, ಮತ್ತು ಅವನಿಲ್ಲದೆಯೇ ಆ ಸಾಲು ಪೂರ್ತಿಯಾಗಿತ್ತು.

ಹೇಮಾಕ್ಷಿ ಒದ್ದೆ ತಲೆಗೆ ಬೈರಾಸು ಸುತ್ತಿಕೊಂಡು ಒಳಗಿನಿಂದ ಬಂದಳು. "ಎಂತ ಹೇಳಿದ್ಳು?"

"ಬರ್ತಾಳಂತೆ. ಚಾವಡಿಯಲ್ಲೇ ಮಲಗ್ತಾಳಂತೆ."

"ನಾನು ಅಂದೇ ಹೇಳ್ತಿದ್ದೆ ಕುಶಲಕ್ಕನಿಗೆ. ನೀವು ಬಾಯಿ ಬಿಡ್ಲಿಕ್ಕೆ ಬಿಟ್ರೆ ಅಲ್ವಾ?"

"ಹೇಮಾ" ಎಂದ ಗುರುವಪ್ಪ. ಕೇಳುವುದೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ಕೇಳಿದ. "ನಾನು ಎಲ್ಲಿ ಮಲಗುವುದು?"

ಹೇಮಾಕ್ಷಿ ಚಾವಡಿಯ ನೆಲವನ್ನು ಆ ಗೋಡೆಯಿಂದ ಈ ಗೋಡೆಯವರೆಗೆ ನೋಡಿದಳು. ಇಷ್ಟು ಮಳೆಗಾಲಗಳಲ್ಲಿ ಈ ಲೆಕ್ಕ ಅವಳಿಗೆ ಬಂದೇ ಇರಲಿಲ್ಲ. ನಡುವಿನ ಟೀಪಾಯಿಯನ್ನು ಕಾಲಿನಿಂದ ಸ್ವಲ್ಪ ಸರಿಸಿ ನೋಡಿದಳು.

"ಟೀಪಾಯಿ ಒಂದು ಹೊರಗೆ ಇಡ್ಬೇಕಾದೀತು" ಎಂದಳು.